ಬಳಿಗಲ್ಲಿನ ನೇರಳೆ ಬಳೆ

ಬಳಿಗಲ್ಲಿನ ಕತೆಯನ್ನು ಮೊದಲ ಸಲ ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಮದುವೆಯಾಗಿ ಬಂದು ಮೂರನೇ ದಿನ ಅದು. ಹೊಸ ಸೊಸೆ ಹಾಗೆ ಹಲ್ಲು ಬಿಟ್ಟು ನಗಬಾರದು ಎಂದು ನನಗೂ ಗೊತ್ತಿತ್ತು, ಆದರೆ ನಗು ಬಂದಾಗಿತ್ತು. ನಮ್ಮ ಅತ್ತೆಯವರು ಬೈಯಲಿಲ್ಲ, ಆ ದಿನದ ಮಟ್ಟಿಗೆ ನನ್ನ ಜೊತೆ ಮಾತು ಬಿಟ್ಟರು ಅಷ್ಟೇ. ನನ್ನ ಅಪ್ಪ ಕಲಘಟಗಿ ತಾಲೂಕಿನಲ್ಲಿ, ಬಮ್ಮಿಗಟ್ಟಿಯ ಹತ್ತಿರದ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಹುಣಸೆಮರದಲ್ಲಿ ದೆವ್ವ ಇದೆ ಎಂದು ಯಾರಾದರೂ ಹೇಳಿದರೆ ಅದೇ ಮರದ ಕೆಳಗೆ ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸುವ ಮನುಷ್ಯ. ಅವರ ಮಗಳಾಗಿ ನಾನು ಕಲ್ಲು ಮಣ್ಣಿಗೆ ಹೆದರುವುದುಂಟೇ ಎಂಬ ಜಂಬ ನನ್ನಲ್ಲಿತ್ತು.

ಈಗಲೂ ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ. ನಿಂಬೆಹಣ್ಣು ದಾಟಿ ಹೋಗುತ್ತೇನೆ, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ದಾರಿ ಬಿಡುತ್ತೇನೆ. ಒಂದು ಮಧ್ಯಾಹ್ನ ನಡೆದದ್ದು ಮಾತ್ರ ಇಷ್ಟು ವರ್ಷವಾದರೂ ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ. ಅದನ್ನು ಬರೆಯುವ ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆ ದಿನಗಳಲ್ಲಿ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಹೊಟ್ಟೆಕಿಚ್ಚಿನ ಹೆಂಗಸಿಗೆ ಏನೇನೋ ಕಂಡಿರಬೇಕು ಎಂದು ಓದುವವರು ಅಂದುಕೊಂಡರೆ ನನಗೆ ಸಿಟ್ಟಿಲ್ಲ. ನಾನೂ ಹಾಗೆಯೇ ಅಂದುಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದೇನೆ.

ನನ್ನನ್ನು ಕೊಟ್ಟ ಊರು ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ನಾಲ್ಕೈದು ಮೈಲಿ. ಊರಿನ ಹೆಸರು ಬೇಡ, ಆ ಮಂದಿ ಇನ್ನೂ ಅಲ್ಲೇ ಇದ್ದಾರೆ. ಕೆರೆ, ಗದ್ದೆ, ಗಿಡಮರಗಳ ನಡುವೆ ಬೆಳೆದ ನನಗೆ ಆ ಕರಿ ಎರೆಭೂಮಿಯ ಬಯಲು ಕಂಡು ಮೊದಲ ವಾರ ಅಳು ಬಂದಿತ್ತು. ಎತ್ತ ನೋಡಿದರೂ ಕಣ್ಣಿಗೆ ಏನೂ ಅಡ್ಡ ಬರದು. ಆ ಬಯಲಿನಲ್ಲಿ ಊರ ಹೊರಗೆ ಅರ್ಧ ಮೈಲಿ ದೂರ, ಹೊಲದ ಬದುವಿನ ಮೇಲೆ, ಒಂದೇ ಒಂದು ಬೇವಿನಗಿಡ, ಅದರ ಬಾಜೂಕ್ಕೆ ಸೊಂಟದೆತ್ತರದ ಒಂದು ಕರಿಕಲ್ಲು. ಅದೇ ಬಳಿಗಲ್ಲು, ಬಳೆಗೆ ಅಲ್ಲಿಯವರು ಬಳಿ ಎನ್ನುತ್ತಾರೆ. ಕಲ್ಲಿನ ಬುಡದಲ್ಲಿ ಬೋಗುಣಿಯಂಥ ಒಂದು ಕುಳಿ. ಅದರ ಸುತ್ತ ಮಣ್ಣಿನಲ್ಲಿ ಎಷ್ಟೋ ಕಾಲದ ಬಳೆಚೂರುಗಳು ಸೇರಿಕೊಂಡಿದ್ದವು. ಕುಂಟೆ ಹೊಡೆಯುವವರು ಎತ್ತಿನ ಕಾಲಿಗೆ ಚುಚ್ಚೀತೆಂದು ಅಷ್ಟು ಜಾಗ ಬಿಟ್ಟು ಹೊಡೆಯುತ್ತಿದ್ದರು.

ಕತೆ ಇಷ್ಟು. ಊರ ಗೌಡರ ಮನೆಗೆ ಬಳೆ ಇಡಲು ಬರುತ್ತಿದ್ದ ಒಬ್ಬ ಹರೆಯದ ಬಳೆಗಾರ, ಆ ಮನೆಯ ಒಬ್ಬಳೇ ಮಗಳು. ಗೌಡರ ಮನೆಯ ಹೆಣ್ಣಿನ ಕೈಯನ್ನು ಎಲ್ಲರೆದುರಿಗೇ ಹಿಡಿಯಬಹುದಾಗಿದ್ದ ಗಂಡಸು ಅವನೊಬ್ಬನೇ. ವರ್ಷಕ್ಕೆ ಮೂರು ಸಲ ಇಡಿಸಿಕೊಳ್ಳುತ್ತಿದ್ದ ಬಳೆಯನ್ನು ಹುಡುಗಿ ತಿಂಗಳಿಗೊಮ್ಮೆ ಇಡಿಸಿಕೊಳ್ಳತೊಡಗಿದಳಂತೆ. ಇದ್ದ ಬಳೆಗಳನ್ನು ತಾನೇ ಕಲ್ಲಿಗೆ ಬಡಿದು ಒಡೆದುಕೊಳ್ಳುತ್ತಿದ್ದಳಂತೆ. ಅಣ್ಣಂದಿರಿಗೆ ತಿಳಿಯಿತು. ಒಂದು ದಿನ ಬಳೆಗಾರ ಊರಿಗೆ ಬರುವ ದಾರಿಯಲ್ಲೇ, ಆ ಬದುವಿನ ಮೇಲೆ, ಅವನನ್ನು ಮುಗಿಸಿದರು. ಹುಡುಗಿ ಓಡಿಬಂದು ಎರಡೂ ಕೈಯ ಬಳೆಗಳನ್ನು ಆ ಕಲ್ಲಿಗೆ ಬಡಿದು ಒಡೆದಳು. ಗಂಡ ಸತ್ತವಳು ಮಾಡುವುದನ್ನು ಮದುವೆಯೇ ಆಗದವಳು ಮಾಡಿದಳು. ಅಲ್ಲೇ ಕೂತಳು, ಅಲ್ಲಿಂದ ಏಳಲೇ ಇಲ್ಲ.

ಅದಕ್ಕೆ ನಮ್ಮೂರಿನ ಪದ್ಧತಿ ಏನೆಂದರೆ, ಸೊಸೆಯಾಗಿ ಬಂದವಳು ತನ್ನ ಮದುವೆಯ ಬಳೆಗಳಲ್ಲಿ ಒಂದನ್ನು ಒಡೆಯದಂತೆ ತೆಗೆದು ಆ ಹುಡುಗಿಗೆ ಕೊಡಬೇಕು. ಒಮ್ಮೆ ಕೊಟ್ಟರೆ ಸಾಕು. ಕೊಟ್ಟದ್ದನ್ನು ಯಾರೂ ಮುಟ್ಟಬಾರದು. "ಅದು ಆಕೀದು. ನಮ್ಮ ಮನಸಿನಾಗಿನ ಕಸ ತಗೊಂಡು ಅಲ್ಲಿ ಕೈ ಹಾಕಬಾರದು," ಎಂದು ಅತ್ತೆ ಹೇಳಿದ್ದರು. ನಾನು ನಕ್ಕದ್ದು ಅದಕ್ಕೇ. ನನ್ನ ಕೈ ದೊಡ್ಡದು, ಬೆರಳಿನ ಗಣಿಕೆಗಳು ದಪ್ಪ. ಒಂದು ಬಳೆ ತೆಗೆಯುವುದರೊಳಗೆ ಅರ್ಧ ಬಟ್ಟಲು ಔಡಲೆಣ್ಣೆ ಖರ್ಚಾಯಿತು, ಕೈ ಕೆಂಪಗೆ ಬಾತುಕೊಂಡಿತು. ಹಸಿರು ಬಳೆಯನ್ನು ಆ ಕುಳಿಯಲ್ಲಿಟ್ಟು ಬಂದೆ, ಅದನ್ನು ಮರೆತೂಬಿಟ್ಟೆ.

ಈಗ ಗಿರಿಜಾಳ ಮಾತು ಬರೆಯಬೇಕು. ನಮ್ಮ ಮನೆಯವರಿಗೆ ಒಬ್ಬ ಅಕ್ಕ, ಅವರನ್ನು ಅದೇ ಊರಲ್ಲಿ ಕೊಟ್ಟಿತ್ತು. ಆ ಅಕ್ಕನ ಮಗಳು ಗಿರಿಜಾ. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ಹೊಸದಲ್ಲ. ಗಿರಿಜಾ ತೊಟ್ಟಿಲಲ್ಲಿದ್ದಾಗಲೇ ನಮ್ಮ ಮನೆಯವರ ಹೆಸರು ಹಚ್ಚಿ ಮಾತಾಡುತ್ತಿದ್ದರಂತೆ. ಇಬ್ಬರೂ ಅದನ್ನೇ ಕೇಳುತ್ತ ಬೆಳೆದರು. ಆಮೇಲೆ ಯಾರದೋ ಮನೆಯ ಬಸಿರಿಯ ಕುಬಸದಲ್ಲಿ ಮೊದಲು ಯಾರು ಉಡಿ ತುಂಬಬೇಕು ಎಂಬುದರ ಮೇಲೆ ನಮ್ಮ ಅತ್ತೆಗೂ ಅವರ ಮಗಳಿಗೂ ಮಾತಿಗೆ ಮಾತು ಬೆಳೆಯಿತು. ತಾಯಿಯ ಮೇಲಿನ ಹಟಕ್ಕೆ ಆ ಅಕ್ಕ ಗಿರಿಜಾಳನ್ನು ಎರಡೇ ತಿಂಗಳಲ್ಲಿ ನವಲಗುಂದಕ್ಕೆ ಕೊಟ್ಟು ಕೈ ತೊಳೆದುಕೊಂಡರು. ಮಗಳ ಮೇಲಿನ ಹಟಕ್ಕೆ ನಮ್ಮ ಅತ್ತೆ ನನ್ನನ್ನು ತಂದರು. ತಾಯಿ ಮಗಳ ಜಗಳ ಆರು ತಿಂಗಳಲ್ಲಿ ತಣ್ಣಗಾಯಿತು, ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಗತೊಡಗಿತು. ಅಷ್ಟರಲ್ಲಿ ಎರಡು ಮದುವೆಗಳು ಆಗಿಹೋಗಿದ್ದವು.

ಗಿರಿಜಾ ಚೆಲುವೆ ಏನಲ್ಲ. ನನಗಿಂತ ಕಪ್ಪು, ಗಿಡ್ಡ, ಮುಂದಿನ ಎರಡು ಹಲ್ಲು ತುಸು ಉಬ್ಬು. ಆದರೆ ಅವಳು ನಕ್ಕರೆ ಓಣಿಗೆಲ್ಲ ಕೇಳುತ್ತಿತ್ತು. ನನಗಿಂತ ಒಂದು ವರ್ಷ ದೊಡ್ಡವಳಾದರೂ ಸೋದರಮಾವನ ಹೆಂಡತಿ ಎಂದು ನನ್ನನ್ನು "ಅತ್ತಿ" ಎಂದು ಕರೆಯುತ್ತಿದ್ದಳು. ಇಪ್ಪತ್ತರ ಹುಡುಗಿಗೆ ಅತ್ತಿ ಎನ್ನಿಸಿಕೊಳ್ಳುವುದು ಎಂಥ ಸಂಕಟ ಎನ್ನುವುದನ್ನು ಅನುಭವಿಸಿದವರೇ ಬಲ್ಲರು. ನಮ್ಮ ಮನೆಯವರು ಅಣ್ಣಿಗೇರಿಯ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ದಿನಾ ಸೈಕಲ್ಲಿನ ಮೇಲೆ ಹೋಗಿಬರುತ್ತಿದ್ದರು. ಕೆಟ್ಟವರಲ್ಲ, ಕುಡಿಯುವವರಲ್ಲ. ಮಾತು ಮಾತ್ರ ಕಡಿಮೆ. ನನ್ನ ಜೊತೆ ಊಟ, ನೀರು, ಹಾಸಿಗೆ, ಇಷ್ಟರ ಮಾತು. ಗಿರಿಜಾ ಬಂದ ದಿನ ಅವರ ದನಿಯೇ ಬೇರೆಯಾಗುತ್ತಿತ್ತು. ಪಡಸಾಲೆಯಲ್ಲಿ ಕೂತು ಅವಳು ನವಲಗುಂದದ ಸುದ್ದಿ ಹೇಳುತ್ತಿದ್ದಳು, ಅವರು ನಗುತ್ತಿದ್ದರು. ನಾನು ಒಲೆಯ ಮುಂದೆ ಕೂತು ಆ ನಗು ಎಣಿಸುತ್ತಿದ್ದೆ. ಅವರಿಬ್ಬರ ನಡುವೆ ತಪ್ಪು ಎನ್ನುವಂಥದ್ದು ಏನೂ ಇರಲಿಲ್ಲ. ಇದ್ದಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆನೇನೋ.

ಮದುವೆಯಾದ ಎರಡನೇ ವರ್ಷದ ನಾಗರಪಂಚಮಿ. ಎಪ್ಪತ್ತರ ದಶಕದ ನಡುವಿನ ಮಾತು ಇದು. ಪಂಚಮಿಗೆ ತವರಿಗೆ ಹೋಗದ ಹೆಣ್ಣು ನಮ್ಮ ಕಡೆ ಇಲ್ಲ. ಅಣ್ಣ ಬಂದು ಕರೆದುಕೊಂಡು ಹೋಗಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ವರ್ಷವೆಲ್ಲ ಅದಕ್ಕಾಗಿಯೇ ಬದುಕುವವರಿದ್ದಾರೆ. ನನ್ನ ಅಣ್ಣನೂ ಎರಡು ಬಸ್ಸು ಬದಲಿಸಿ ಬಂದ. ನಾನು ಅವನನ್ನು ತಿರುಗಿ ಕಳಿಸಿದೆ. ಮೈ ಹುಷಾರಿಲ್ಲ, ಬಸ್ಸಿನಲ್ಲಿ ಕೂರಲಾಗುವುದಿಲ್ಲ ಎಂದೆ. ಗಿರಿಜಾಳ ತವರು ಅದೇ ಊರು, ಅವಳು ಎಂಟು ದಿನಕ್ಕೆ ಬರುವವಳಿದ್ದಳು. ಆ ಎಂಟು ದಿನ ಊರಲ್ಲಿ ಅವರಿಬ್ಬರನ್ನೇ ಬಿಟ್ಟು ನಾನು ತವರಲ್ಲಿ ಜೋಕಾಲಿ ಹೇಗೆ ಆಡಲಿ? ಅಣ್ಣ ನನ್ನ ಹಣೆ ಮುಟ್ಟಿ ನೋಡಿದ, ಬಂದ ದಾರಿ ಹಿಡಿದ. ಅತ್ತೆ ಮಾತ್ರ, "ತವರ ಮನಿ ಪಂಚಮಿ ಬಿಟ್ಟು ಕುಂತೀಯಲ್ಲ, ಇಲ್ಲಿ ಏನ ಕಾಯಾಕ ಕುಂತೀಬೇ?" ಎಂದರು. ಅವರಿಗೆ ಗೊತ್ತಿತ್ತು.

ಹಬ್ಬದ ಮುನ್ನಾ ದಿನ ರೊಟ್ಟಿ ಹಬ್ಬ. ಕಟಕ ರೊಟ್ಟಿ ಮಾಡಿ ಪಲ್ಯ ಪುಡಿ ಸಮೇತ ಮನೆಮನೆಗೆ ಹಂಚುವುದು, ಅವರ ಮನೆಯವು ನಮ್ಮ ಮನೆಗೆ ಬರುವುದು. ಆ ದಿನ ಹತ್ತು ಮನೆಯ ರೊಟ್ಟಿಗಳು ಬಂದು ನಮ್ಮ ಬುಟ್ಟಿಯಲ್ಲಿ ಒಂದರ ಮೇಲೊಂದು ಕೂತಿದ್ದವು. ನಾನೂ ಹಿಂದಿನ ಮೂರು ದಿನ ಬೆವರು ಸುರಿಸಿ ಬಡಿದಿದ್ದೆ. ಅಕ್ಕಿ ಉಣ್ಣುವ ಸೀಮೆಯಿಂದ ಬಂದವಳು ನಾನು, ನನ್ನ ರೊಟ್ಟಿ ಅಂಚಿನಲ್ಲಿ ದಪ್ಪ. ನಮ್ಮ ಮನೆಯವರು ಊಟಕ್ಕೆ ಕೂತರು. ಬುಟ್ಟಿಯನ್ನು ಎಳೆದುಕೊಂಡು, ಮೇಲಿನ ನಾಲ್ಕೈದನ್ನು ಬದಿಗೆ ಸರಿಸಿ, ನಡುವಿನಿಂದ ಒಂದನ್ನು ತೆಗೆದರು. ಎಳ್ಳು ಹಚ್ಚಿದ, ಎಲೆಯಷ್ಟು ತೆಳ್ಳಗಿನ ರೊಟ್ಟಿ. ಅದು ಗಿರಿಜಾ ಬಡಿದದ್ದು. ಅವಳು ತಂದುಕೊಟ್ಟಾಗ ನಾನೇ ಅದನ್ನು ಬುಟ್ಟಿಯ ನಡುವೆ ತೂರಿಸಿದ್ದೆ. ಅವರು ಯಾರನ್ನೂ ಕೇಳಲಿಲ್ಲ, ಬೆಳಕಿಗೆ ಹಿಡಿದು ನೋಡಲೂ ಇಲ್ಲ. ಅಂಗಡಿಯಲ್ಲಿ ಕಾಳನ್ನು ಬೆರಳಿನಲ್ಲೇ ಗುರುತಿಸುವವರು, ಅವರ ಬೆರಳಿಗೆ ಅದು ಗೊತ್ತಿತ್ತು. ಒಂದಲ್ಲ, ಮೂರು ತಿಂದರು. ನಾನು ಅಂದು ಉಣ್ಣಲಿಲ್ಲ.

ಹಾಲು ಎರೆದ ಮರುದಿನ ಊರ ಹೆಂಗಸರೆಲ್ಲ ಬಳಿಗಲ್ಲಿಗೆ ಹೋದೆವು. ಆ ವರ್ಷ ಬಂದವರಲ್ಲಿ, ತವರೂ ಅದೇ ಊರಾಗಿದ್ದ ಇಬ್ಬರು ಹೊಸ ಸೊಸೆಯರು ಬಳೆ ಕೊಟ್ಟರು. ಅವರಾದ ಮೇಲೆ ಗಿರಿಜಾ ಮುಂದೆ ಬಂದಳು. ಅವಳು ಆ ಊರ ಸೊಸೆಯಲ್ಲ, ಮಗಳು, ಕೊಡುವ ಪದ್ಧತಿಯೇ ಇಲ್ಲ. ಆದರೂ ಮದುವೆಯಾದಾಗಿನಿಂದ ವರ್ಷವರ್ಷ ಕೊಡುತ್ತಿದ್ದಾಳೆ ಎಂದು ಬಾಜೂಕ್ಕೆ ನಿಂತವರು ಹೇಳಿದರು. ಎಲ್ಲರದೂ ಹಸಿರು ಬಳೆ. ಅವಳು ಮಾತ್ರ ಆ ವರ್ಷ ಹಸಿರಿನ ನಡುವೆ ಒಂದೊಂದು ನೇರಳೆ ಬಣ್ಣದ ಬಳೆ ಇಡಿಸಿಕೊಂಡಿದ್ದಳು. ಎಡಗೈಯ ನೇರಳೆ ಬಳೆಯನ್ನು ಸಲೀಸಾಗಿ ಜಾರಿಸಿ ಕುಳಿಯಲ್ಲಿಟ್ಟು, ಸೆರಗು ಹೊದ್ದು ಕೈಮುಗಿದು ಬಹಳ ಹೊತ್ತು ನಿಂತಳು. ಯಾರಿಗಾಗಿ ಕೊಡುತ್ತಾಳೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದರ ಮರುದಿನ ಮಧ್ಯಾಹ್ನ ನಾನು ಒಬ್ಬಳೇ ಅಲ್ಲಿಗೆ ಹೋದೆ. ಅತ್ತೆ ಮಲಗಿದ್ದರು, ಮನೆಯವರು ಅಣ್ಣಿಗೇರಿಗೆ ಹೋಗಿದ್ದರು. ಆ ಬಳೆಯನ್ನು ತೆಗೆದು ಕಲ್ಲಿಗೆ ಬಡಿದು ಪುಡಿ ಮಾಡಬೇಕು, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಮುತ್ತೈದೆಯ ಬಳೆ ಒಡೆಯುವುದೆಂದರೆ ಅವಳ ಗಂಡನಿಗೆ ಕೇಡು ಬಯಸಿದಂತೆ. ಹಾಗೆ ಗಂಡ ಹೋದರೆ ಅವಳು ಖಾಯಂ ಆಗಿ ತವರಿಗೇ ಬಂದು ಕೂರುತ್ತಾಳೆ ಎಂಬ ಬುದ್ಧಿಯೂ ಆಗ ನನಗೆ ಇರಲಿಲ್ಲ. ಬೆಳಗ್ಗೆ ಒಂದು ದೊಡ್ಡ ಮಳೆ ಬಿದ್ದು ನಿಂತಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಎರೆಮಣ್ಣು ಪಾದಕ್ಕೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಸೇರು ತೂಗುತ್ತಿತ್ತು. ಎರಡೂ ಕಡೆ ಹೆಸರಿನ ಹೊಲ, ಕಾಯಿ ಹಿಡಿದಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ಆ ಬಯಲಿನಲ್ಲಿ ಯಾರಾದರೂ ಬಂದರೆ ಒಂದು ಮೈಲಿ ದೂರದಿಂದಲೇ ಕಾಣಬೇಕು.

ಕುಳಿಯಲ್ಲಿ ಮಳೆನೀರು ನಿಂತಿತ್ತು, ನೀರಿನಲ್ಲಿ ಮೂರು ಬಳೆ, ಹಳೆಯವು ಹಿಂದಿನ ಮಳೆಗಳಿಗೆ ಕೊಚ್ಚಿ ಮಣ್ಣು ಸೇರಿದ್ದವು. ನೇರಳೆಯದನ್ನು ಬಲಗೈಯಲ್ಲಿ ಎತ್ತಿಕೊಂಡೆ. ಅದು ಎಷ್ಟು ಸಣ್ಣದೆಂದರೆ ನನ್ನ ನಾಲ್ಕು ಬೆರಳು ಸೇರಿಸಿದರೆ ಎರಡನೇ ಗಣಿಕೆಗೇ ನಿಲ್ಲುವಂಥದ್ದು. ಅವಳ ಕೈ ಇಷ್ಟು ಸಣ್ಣದೇ ಎಂದು ಅದಕ್ಕೂ ಹೊಟ್ಟೆ ಉರಿಯಿತು. ಮೊಣಕಾಲೂರಿ ಕೂತು, ಎಡಗೈಯನ್ನು ಕಲ್ಲಿನ ಮೇಲೆ ಊರಿ, ಬಡಿಯಲೆಂದು ಬಲಗೈ ಎತ್ತಿದೆ.

ಆಗ ಯಾರೋ ನನ್ನ ಎಡಗೈ ಹಿಡಿದರು.

ಹಿಡಿದರು ಎನ್ನುವುದಕ್ಕಿಂತ ಬೇರೆ ಶಬ್ದ ನನ್ನಲ್ಲಿಲ್ಲ. ಎದುರಿಗೆ ಯಾರೂ ಇರಲಿಲ್ಲ. ಕಲ್ಲು, ಅದರಾಚೆ ಹೆಸರಿನ ಹೊಲ, ಬಿಸಿಲು, ಎಲ್ಲ ಸ್ವಚ್ಛ ಕಾಣುತ್ತಿತ್ತು. ಕೈ ಮಾತ್ರ ಒಬ್ಬ ಬಳೆಗಾರನ ಕೈಯಲ್ಲಿತ್ತು. ಹುಟ್ಟಿದಾಗಿನಿಂದ ಬಳೆ ಇಡಿಸಿಕೊಂಡ ಯಾವ ಹೆಂಗಸಿಗೂ ಆ ಹಿಡಿತ ತಪ್ಪು ತಿಳಿಯುವಂತಿಲ್ಲ. ಮೊದಲು ಬೆರಳುಗಳನ್ನು ಒಟ್ಟು ಮಾಡಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಬುಡದ ಮಾಂಸವನ್ನು ಒತ್ತಿ ಮೆತ್ತಗೆ ಮಾಡುತ್ತಾರೆ. ಹಾಗೆಯೇ ಒತ್ತಿದರು. ಒಣಗಿದ, ಬೆಚ್ಚಗಿನ ಕೈ. ಗಾಜಿನ ತಣುಪು ಒಂದು ಗಣಿಕೆ ದಾಟಿತು, ನಿಂತಿತು. ನನಗೆ ನೋವಾಯಿತೋ ಎಂದು ಕಾದ ಹಾಗೆ ನಿಂತಿತು. ಮತ್ತೆ ಮುಂದಿನದನ್ನು ದಾಟಿತು. ನನಗೆ ಬಳೆ ಇಡುವಾಗ ಯಾವಾಗಲೂ ಕಣ್ಣಲ್ಲಿ ನೀರು ಬರುತ್ತದೆ. ಅಂದು ಒಂದಿಷ್ಟೂ ನೋಯಲಿಲ್ಲ. ಕೊನೆಗೆ ಬಳೆ ಮಣಿಕಟ್ಟಿಗೆ ಇಳಿಯಿತು.

ಇಲ್ಲಿಯವರೆಗಿನದನ್ನು ಒಂದಿಬ್ಬರಿಗೆ ಹೇಳಿದ್ದೇನೆ. ಮುಂದಿನದನ್ನು ಯಾರಿಗೂ ಹೇಳಿಲ್ಲ. ಬಳೆ ಇಟ್ಟಾದ ಮೇಲೂ ಆ ಕೈ ನನ್ನ ಕೈ ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಬಳೆಗಾರನಿಗೆ ಹಿಡಿದಿರಲು ಕಾರಣವಿಲ್ಲ, ಆದರೂ ಹಿಡಿದೇ ಇತ್ತು. ಹಾಗೆ ನನ್ನ ಕೈಯನ್ನು ಅದುವರೆಗೆ ಯಾರೂ ಹಿಡಿದಿರಲಿಲ್ಲ. ಹೆದರಿಕೆ ಆಗಲಿಲ್ಲ, ನಿಜ ಹೇಳುತ್ತೇನೆ. ಈ ಹಿಡಿತ ನನಗಲ್ಲ, ಬೇರೆ ಯಾರಿಗೋ ಎಂದು ತಿಳಿದು ಆದದ್ದು ಹೊಟ್ಟೆಕಿಚ್ಚು. ಎಂದೋ ಸತ್ತುಹೋದ, ಹೆಸರೂ ಗೊತ್ತಿಲ್ಲದ ಒಬ್ಬ ಹುಡುಗಿಯ ಮೇಲೆ ನನಗೆ ಗಿರಿಜಾಳ ಮೇಲಿದ್ದದ್ದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ಆಮೇಲೆ ಕೈ ಹಗುರಾಯಿತು. ನೋಡಿದರೆ ಬಲಗೈ ಬರಿದು, ಎಡಗೈಯಲ್ಲಿ ಹಸಿರು ಬಳೆಗಳ ಮುಂದೆ ಒಂದು ನೇರಳೆ ಬಳೆ.

ಎದ್ದು ಸುತ್ತ ನೋಡಿದೆ. ಕೆಸರಿನಲ್ಲಿ ನಾನು ಬಂದ ಹೆಜ್ಜೆಗಳಿದ್ದವು, ಬೇರೆ ಹೆಜ್ಜೆ ಒಂದೂ ಇರಲಿಲ್ಲ. ಬಳೆ ತೆಗೆಯಲು ನೋಡಿದೆ. ಗಣಿಕೆಯ ಹತ್ತಿರವೂ ಬರಲಿಲ್ಲ. ಆಗ ಮಾತ್ರ ಭಯವಾಯಿತು. ಕಾಲಿಗೆ ಮೆತ್ತಿದ ಮಣ್ಣನ್ನೂ ಕೆರೆದುಕೊಳ್ಳದೆ ಓಡಿದೆ.

ಸಂಜೆ ಗಿರಿಜಾ ಮನೆಗೆ ಬಂದಳು. ಸೆರಗಿನಲ್ಲಿ ಕೈ ಮುಚ್ಚಿಕೊಂಡಿದ್ದೆ, ಚಹಾ ಕೊಡುವಾಗ ಕಂಡುಬಿಟ್ಟಿತು. ಅವಳು ಚಹಾ ಕುಡಿಯಲಿಲ್ಲ. ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಬಳೆಯನ್ನು ತಿರುವಿ ನೋಡಿದಳು. ಬೆಸುಗೆಯ ಹತ್ತಿರ ಸಾಸಿವೆಯಷ್ಟು ಒಂದು ಗುಳ್ಳೆ ಇತ್ತು, ಅದನ್ನು ಬೆರಳಿನಿಂದ ಮುಟ್ಟಿದಳು.

"ಬಳಿಗಾರನ ಹಂತ್ಯಾಕ ಇಡಿಸಿಕೊಂಡೆ," ಎಂದು ಸುಳ್ಳು ಹೇಳಿದೆ.

"ಅತ್ತಿ, ಇದು ನನ್ನ ಬಳಿ," ಎಂದಳು. ಅವಳು ನನ್ನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡೆ, ಅದಕ್ಕೆ ತಯಾರಾಗಿಯೂ ಇದ್ದೆ. ಅವಳು ದನಿ ಎತ್ತಲೇ ಇಲ್ಲ. "ವರ್ಷಾ ನನ್ನ ಮನಸಿನಾಗಿಂದು ಅಲ್ಲಿ ಬಿಟ್ಟು ಹೋಗತಿದ್ದೆರಿ. ಬಿಟ್ಟು ಹ್ವಾದ್ರ ನವಲಗುಂದದಾಗ ಸಂಸಾರ ಮಾಡಾಕ ಬರತಿತ್ತು. ನಾ ಬಿಟ್ಟದ್ದನ್ನ ನೀವ್ಯಾಕ ಹೊತಗೊಂಡು ಬಂದ್ರಿ?"

ಇಬ್ಬರೂ ಸೇರಿ ಎಣ್ಣೆ ಹಚ್ಚಿದೆವು, ಬಟ್ಟೆ ಒಗೆಯುವ ಸಬ್ಬು ಹಚ್ಚಿದೆವು, ಎಳೆದೆವು. ನನ್ನ ಕೈ ಸುಲಿದು ರಕ್ತ ಜಿನುಗಿತು. ಬಳೆ ಬರಲಿಲ್ಲ. ಅವಳು ತನ್ನ ಸೆರಗಿನಿಂದಲೇ ನನ್ನ ಕೈ ಒರೆಸಿ ಹೋದಳು. ಎಂಟು ದಿನಕ್ಕೆಂದು ಬಂದವಳು ಮರುದಿನವೇ ನವಲಗುಂದದ ಬಸ್ಸು ಹತ್ತಿದಳು. ಆಮೇಲೆ ಅವಳು ಬಳಿಗಲ್ಲಿಗೆ ಬಳೆ ಕೊಟ್ಟದ್ದನ್ನು ಯಾರೂ ಕಾಣಲಿಲ್ಲ.

ನಾಲ್ಕು ದಿನ ಬಿಟ್ಟು ಬಳೆಗಾರ ಇಮಾಮಸಾಬ ಕಾಕಾ ಓಣಿಗೆ ಬಂದಾಗ ಕೈ ತೋರಿಸಿದೆ. ನಲವತ್ತು ವರ್ಷ ಆ ಸೀಮೆಯ ಹೆಂಗಸರ ಕೈ ಕಂಡ ಮುದುಕ. ಅಳತೆ ನೋಡಲೆಂದು ಇಟ್ಟಿದ್ದ ಬಳೆಗಳನ್ನು ಒಂದೊಂದಾಗಿ ಹಿಡಿದು ನೋಡಿದ.

"ಇದು ನಿನ್ನ ಅಳತಿಗಿಂತ ಎರಡ ಅಳತಿ ಸಣ್ಣದೈತಿ ಯವ್ವಾ. ನನ್ನ ಕೈಲೆ ಇಡಾಕ ಆಗೂದಿಲ್ಲ. ಒಡೀದಂಗ ಇಟ್ಟಾನಂದ್ರ ಭಾರೀ ಕೈ ಇರಬೇಕು. ಯಾವೂರವ?"

ನಾನೇ ಸಿಟ್ಟಿನ ಭರದಲ್ಲಿ ತೂರಿಸಿಕೊಂಡಿರಬಹುದೇ ಎಂದು ಕೇಳಿದೆ. ಅವನು ನಕ್ಕ. ಸಿಟ್ಟಿನಲ್ಲಿ ಕೈ ಗಟ್ಟಿಯಾಗುತ್ತದೆ, ಇನ್ನೂ ಹೋಗುವುದಿಲ್ಲ ಎಂದ. ಒಡೆದು ತೆಗೆ ಎಂದು ಕೇಳಲು ಅತ್ತೆ ಬಿಡಲಿಲ್ಲ. ಗಂಡ ಇರುವಾಗ ಕೈಯ ಬಳೆಯನ್ನು ಬೇಕೆಂದು ಒಡೆಯುವುದು ನಮ್ಮಲ್ಲಿ ಕನಸಿನಲ್ಲೂ ಆಗದ ಮಾತು. ಹೀಗಾಗಿ ಗಿರಿಜಾಳ ಬಳೆ ನನ್ನ ಕೈಯಲ್ಲೇ ಉಳಿಯಿತು.

ನಮ್ಮ ಮನೆಯವರು ಅದನ್ನು ಮೊದಲ ದಿನವೇ ನೋಡಿದ್ದರು. ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಊಟ ಬಡಿಸುವಾಗ ನನ್ನ ಕೈಯನ್ನೇ ನೋಡುತ್ತಿದ್ದರು, ಆಮೇಲೆ, "ಬಿಗಿ ಆಗೇತೇನು?" ಎಂದರು. ಹೌದೆಂದೆ. ಮರುದಿನ ಅಣ್ಣಿಗೇರಿಯಿಂದ ಬರುವಾಗ ಒಂದು ವಾಸನೆ ಸಬ್ಬು ತಂದರು. ನಮ್ಮ ಮನೆಗೆ ಬಂದ ಮೊದಲ ವಾಸನೆ ಸಬ್ಬು ಅದು. ಪೇಟೆಗೆ ವಾರದ ಸೂಟಿ ಇದ್ದು ಅಂಗಡಿ ಮುಚ್ಚಿದ ದಿನ ನನ್ನನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಎದುರು ಕೂತು, ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೊರೆ ಬರುವಂತೆ ಸಬ್ಬು ಹಚ್ಚಿ ಬಳೆ ತೆಗೆಯಲು ನೋಡಿದರು. ಬರಲಿಲ್ಲ. ಮುಂದಿನ ವಾರ ಮತ್ತೆ ಕೂತರು. ಅದರ ಮುಂದಿನ ವಾರವೂ ಕೂತರು.

ಎರಡು ವರ್ಷ ಹೀಗೇ ನಡೆಯಿತು. ಅದು ಬರುವುದಿಲ್ಲ ಎನ್ನುವುದು ಇಬ್ಬರಿಗೂ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಆದರೂ ಸೂಟಿ ಬಂತೆಂದರೆ ಅವರು ಸಬ್ಬು ತೆಗೆದುಕೊಂಡು ಹಿತ್ತಲಿಗೆ ಬರುತ್ತಿದ್ದರು, ನಾನು ಮುಸುರೆ ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಕೂತು ಅವರು ಮಾತಾಡಲು ಕಲಿತರು. ಅಂಗಡಿಯ ಸುದ್ದಿ, ಪೇಟೆಯ ಮಂದಿಯ ಚೇಷ್ಟೆ, ತಾವು ಸಣ್ಣವರಿದ್ದಾಗ ಬಾವಿಗೆ ಬಿದ್ದದ್ದು. ನಾನು ನಕ್ಕರೆ ಅವರೂ ನಗುತ್ತಿದ್ದರು. ಒಳಗಿನಿಂದ ಅತ್ತೆ ಕೆಮ್ಮುವವರೆಗೆ ಕೈ ಬಿಡುತ್ತಿರಲಿಲ್ಲ. ನನ್ನ ಮದುವೆಯಲ್ಲಿ ಸುಖ ಎಂದು ಯಾವುದನ್ನಾದರೂ ಬೆರಳಿಟ್ಟು ತೋರಿಸು ಎಂದರೆ ಆ ಎರಡು ವರ್ಷದ ಸೂಟಿಗಳನ್ನೇ ತೋರಿಸುತ್ತೇನೆ. ಆ ಸುಖದ ನಡುವೆಯೂ ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಹತ್ತು ಮನೆಯ ರೊಟ್ಟಿಯಲ್ಲಿ ಒಂದನ್ನು ಬೆರಳಿನಲ್ಲೇ ಗುರುತಿಸಿದ ಮನುಷ್ಯನಿಗೆ ಈ ಬಳೆ ಯಾರದೆಂದು ತಿಳಿಯದೇ ಇದ್ದೀತೇ? ಕೈ ನನ್ನದೇ, ಆದರೆ ಅವರು ಹಿಡಿದುಕೊಂಡದ್ದು ಯಾರ ಕೈಯನ್ನು? ಕೇಳಬೇಕೆಂದು ಎಷ್ಟೋ ಸಲ ಬಾಯಿ ತನಕ ಬಂತು. ಕೇಳಿದರೆ ಮುಂದಿನ ವಾರ ಅವರು ಸಬ್ಬು ತರದಿದ್ದರೆ ಎಂದು ನುಂಗಿಕೊಂಡೆ.

ದಿನಾ ರೊಟ್ಟಿ ಬಡಿದ ಕೈ ಅದು. ಹಸಿರು ಬಳೆಗಳು ಎಷ್ಟು ಸಲ ಹೊಸದಾದವೋ, ನೇರಳೆ ಬಳೆಗೆ ಒಂದು ಗೀರೂ ಬೀಳಲಿಲ್ಲ. ಬಳೆ ಕೈಗೇರಿದ ಮೂರನೆಯ ವರ್ಷ, ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ, ಒಂದು ಸಂಜೆ ನಾನು ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಯಾವುದಕ್ಕೂ ತಾಗದೆ, ಸಪ್ಪಳವಿಲ್ಲದೆ, ಬಳೆ ಎರಡು ಹೋಳಾಗಿ ನನ್ನ ಮಡಿಲಿಗೆ ಬಿತ್ತು. ಚರ್ಮಕ್ಕೆ ಸಣ್ಣ ಗೀರೂ ಆಗಿರಲಿಲ್ಲ. ನಮ್ಮ ಮನೆಯವರು ಸೈಕಲ್ಲು ಒರೆಸುತ್ತಿದ್ದವರು ಬಂದು ಆ ಹೋಳುಗಳನ್ನು ಎತ್ತಿಕೊಂಡರು. "ಹೊಲದಾಗ ಒಗೀತೇನಿ ತಗೋ, ಕಾಲಿಗೆ ಚುಚ್ಚತಾವ," ಎಂದು ಹಳೆಯ ಪೇಪರಿನ ಚೂರಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಆ ಸಂಜೆ ಅವರು ಹೊಲಕ್ಕೆ ಹೋಗಲಿಲ್ಲ. ಮರುದಿನ ಅಂಗಿ ಒಗೆಯಲು ತೆಗೆದುಕೊಂಡಾಗ ಜೇಬು ಬರಿದಾಗಿತ್ತು.

ಮುಂದಿನ ಸೂಟಿಯ ದಿನ ನಾನು ಕೈ ತೊಳೆದುಕೊಂಡು ಹಿತ್ತಲಲ್ಲಿ ಕೂತಿದ್ದೆ. ಅವರು ಬರಲಿಲ್ಲ. ತೆಗೆಯಲು ಬಳೆಯೇ ಇಲ್ಲದ ಮೇಲೆ ಬರಬೇಕಾದ ಕಾರಣವೂ ಇರಲಿಲ್ಲ. ಆಮೇಲೆ ಮೂವತ್ತೈದು ವರ್ಷ ಸಂಸಾರ ಮಾಡಿದೆವು, ಮೂವರು ಮಕ್ಕಳಾದರು, ಅವರು ಎಂದೂ ನನಗೆ ಕೆಟ್ಟ ಮಾತು ಆಡಲಿಲ್ಲ. ಹಾಗೆ ಕೈ ಹಿಡಿದು ಕೂರಲೂ ಇಲ್ಲ.

ಆ ಮಧ್ಯಾಹ್ನ ನನ್ನ ಕೈ ಹಿಡಿದದ್ದು ಯಾರು, ಆ ಬಳೆ ಹೇಗೆ ಏರಿತು, ಏಕೆ ಅಷ್ಟು ದಿನ ಉಳಿಯಿತು, ಏಕೆ ಆ ಸಂಜೆ ಬಿತ್ತು, ಇವು ಯಾವುದಕ್ಕೂ ನನ್ನಲ್ಲಿ ಉತ್ತರವಿಲ್ಲ. ನನ್ನ ಅಪ್ಪ ಬದುಕಿದ್ದಿದ್ದರೆ ಬಿಸಿಲು, ಉಪವಾಸ, ಭ್ರಮೆ ಎನ್ನುತ್ತಿದ್ದರು. ಎರಡು ಅಳತೆ ಸಣ್ಣ ಬಳೆಗೆ ಅವರು ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಇವೆಲ್ಲ ತಿಳಿಯದೇ ಹೋದರೂ ನಡೆದೀತು ಎಂದು ಈಗ ನನಗೆ ಅನ್ನಿಸುತ್ತದೆ.

ನಮ್ಮ ಮನೆಯವರು ಹೋಗಿ ಆರು ವರ್ಷವಾಯಿತು. ದಿನಕರ್ಮ ಮುಗಿದ ಮೇಲೆ ಅವರ ಟ್ರಂಕು ತೆಗೆದು ಅಂಗಿ ಧೋತರಗಳನ್ನು ಕೊಡುವವರಿಗೆ ಕೊಡುವಾಗ ಒಂದೊಂದನ್ನೂ ಜಾಡಿಸಿ, ಜೇಬು ಹೊರಗೆಳೆದು ನೋಡಿ ಕೊಟ್ಟೆ. ಮಕ್ಕಳು ರೊಕ್ಕ ಹುಡುಕುತ್ತಿದ್ದೇನೆ ಎಂದುಕೊಂಡರು. ಈಗಲೂ ವರ್ಷಕ್ಕೊಮ್ಮೆ ಮನೆಗೆ ಸುಣ್ಣ ಹಚ್ಚಿಸುವಾಗ ಕೆಲಸದವರು ಬರುವ ಮೊದಲೇ ಎದ್ದು, ಒಂದೊಂದು ಗೂಡಿನೊಳಗೂ ಕೈ ಹಾಕಿ ಮೂಲೆಮೂಲೆ ತಡವಿ ನೋಡುತ್ತೇನೆ. ಅಲ್ಲಿ ಆ ಎರಡು ಹೋಳು ಸಿಕ್ಕರೆ, ಅವಳದೆಂದೇ ಇಟ್ಟುಕೊಂಡಿದ್ದರು, ನನ್ನ ಬದುಕು ಹಾಳಾಯಿತು ಎಂದು ಅಳುತ್ತೇನೆ, ಸಿಗದಿದ್ದರೆ ಇನ್ನೆಲ್ಲಿ ಇಟ್ಟಿದ್ದಾರೋ ಎಂದು ಅಳುತ್ತೇನೆ.